ಒಣಬೀದಿಯ ಹಪ್ಪಳ

ನಮ್ಮ ಊರಿನಲ್ಲಿ ವೈದ್ಯರು ಔಷಧದ ಚೀಟಿಯ ಮೇಲೆ ಬೀದಿಯ ಹೆಸರು ಬರೆಯುತ್ತಿದ್ದರು. ಮಗುವಿನ ಬೆನ್ನಿಗೆ ಬೆವರುಸಾಲೆ ಎದ್ದರೆ ‘ಸಪ್ಪೆಬೀದಿ, ಒಂದು ವಾರ’ ಎಂದು. ಕೀಲು ಹಿಡಿದ ಮುದುಕರಿಗೆ ‘ಹುಳಿಬೀದಿ, ನೋವು ಇಳಿಯುವ ತನಕ’ ಎಂದು. ದಮ್ಮಿನವರಿಗೆ ಮಾತ್ರ ಅವಧಿ ಇರುತ್ತಿರಲಿಲ್ಲ. ‘ಒಣಬೀದಿ’ ಎಂದು ಬರೆದು ಅಡಿಗೆರೆ ಎಳೆದರೆ ಮುಗಿಯಿತು. ಉಸಿರು ಸಿಕ್ಕದವನು ಹಾಸಿಗೆ ಸುತ್ತಿಕೊಂಡು ಒಣಬೀದಿಯಲ್ಲಿ ಬಾಡಿಗೆ ಕೋಣೆ ಹುಡುಕುತ್ತ ಬರುತ್ತಿದ್ದ. ನಮ್ಮ ಮಾಮಾ ಫಕೀರಪ್ಪ ಹಾಗೆ ಬಂದವನು. ಹುಳಿಬೀದಿಯ ದರ್ಜಿ. ಹೊಲಿಗೆ ಮಷಿನ್ನನ್ನು ಕೈಗಾಡಿಯಲ್ಲಿ ಹೇರಿಕೊಂಡು, ನಿಂತು ನಿಂತು ಉಸಿರೆಳೆಯುತ್ತ ನಮ್ಮ ಮನೆಯ ಮುಂದೆ ಬಂದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಅವ್ವ ಪಡಸಾಲೆಯ ಪಕ್ಕದ ಕೋಣೆ ಬಾಡಿಗೆಗೆ ಕೊಟ್ಟಳು. ಕೆಲವೇ ವಾರಗಳಲ್ಲಿ ಅವನ ಉಸಿರು ಹಾದಿಗೆ ಬಂತು. ಅದರ ಬೆನ್ನಿಗೇ ನಾಲಗೆಯೂ ಬಂತು. ನಮ್ಮ ಅಕ್ಕ ದಾನವ್ವ ಆ ನಾಲಗೆಗೆ ಉತ್ತರ ಕೊಡುತ್ತ ಕೊಡುತ್ತ ಅವನನ್ನು ಮದುವೆಯಾದಳು.

ಊರಿಗೆ ಇದ್ದದ್ದು ಐದು ಬೀದಿ. ಐದೂ ನಡುವಿನ ಒಂದು ಕಟ್ಟೆಗೆ ಬಂದು ಸೇರುತ್ತಿದ್ದವು. ಆ ಜಾಗಕ್ಕೆ ಐದುಕೂಡು ಎನ್ನುತ್ತಿದ್ದೆವು. ಒಂದೊಂದು ಬೀದಿಗೆ ಒಂದೊಂದು ಹವೆ. ಕಟ್ಟೆಯ ಮೇಲೆ ಕೂತರೆ ಎಡಗಡೆ ಹುಳಿಬೀದಿಯಲ್ಲಿ ದಪ್ಪ ಹನಿ ಬೀಳುತ್ತಿರುವುದು ಕಾಣುತ್ತಿತ್ತು. ಬಲಗಡೆ ಒಣಬೀದಿಯಲ್ಲಿ ನಾಯಿಗಳು ನೆರಳು ಹುಡುಕುತ್ತಿದ್ದವು. ಎದುರಿಗೆ ಗಟ್ಟಿಬೀದಿಯ ಹೆಂಗಸರು ಕಂಬಳಿ ಹೊದ್ದು, ನೀರಿನ ಹರವಿಯ ಮೇಲೆ ಕಟ್ಟಿದ ಮಂಜಿನ ಪೊರೆಯನ್ನು ಸೌಟಿನಿಂದ ಒಡೆಯುತ್ತಿದ್ದರು. ಪ್ರತಿ ಬೀದಿಯ ಬಾಯಿಯಲ್ಲಿ ಗೂಟಗಳ ಸಾಲಿತ್ತು, ಕೊಡೆ ಕಂಬಳಿ ತೂಗುಹಾಕಲು. ಬೇರೆಯವರ ಕೊಡೆ ಹಿಡಿದು ಹೋದರೆ ಅದು ಕಳವಲ್ಲ. ಸಂಜೆಯೊಳಗೆ ಅದೇ ಗೂಟಕ್ಕೆ ಬಂದರೆ ಸಾಕು. ದಿಬ್ಬಣ ಹುಳಿಬೀದಿಯಲ್ಲಿ ಬೆವರುತ್ತ ಹೊರಟು ಸಪ್ಪೆಬೀದಿಗೆ ನಡುಗುತ್ತ ಮುಟ್ಟುತ್ತಿತ್ತು. ಹಲಗೆ ಬಾರಿಸುವವರು ತಿರುವಿಗೊಮ್ಮೆ ನಿಂತು ಅದರ ಚರ್ಮ ಕಾಯಿಸಿಕೊಳ್ಳಬೇಕಿತ್ತು. ಮದುಮಗನ ಅಂಗಿಗೆ ಬಿಚ್ಚಿ ಹಾಕುವ ಒಳಪದರ ಇಟ್ಟು ಹೊಲಿಯುವುದರಲ್ಲಿ ಮಾಮಾನನ್ನು ಮೀರಿಸಿದವರಿರಲಿಲ್ಲ. “ಹೆಂಡತಿ ಯಾವ ಬೀದಿಯಾಕಿ ಅಂತ ಮೊದಲ ಹೇಳ್ರಿ, ಆಮ್ಯಾಲೆ ಅಳತಿ ತಗೋತೀನಿ,” ಎನ್ನುತ್ತಿದ್ದ.

ಬೀದಿಗಳ ಹೆಸರು ಅಡುಗೆಮನೆಯಿಂದ ಬಂದದ್ದು. ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಗಾಗುವುದರೊಳಗೆ ಮುಚ್ಚಳ ಎತ್ತಿ ಹೊರಗೆ ಚೆಲ್ಲಿದರೆ ಅದು ಹುಳಿಬೀದಿ. ಬೆಳಗ್ಗೆ ಪಾತ್ರೆಯ ಕಂಠದವರೆಗೆ ಉಬ್ಬಿ ನಿಂತರೆ ಹದಬೀದಿ. ಮರುದಿನ ಸಂಜೆಗೂ ಏಳದೆ ಸಪ್ಪಗೆ ಕೂತಿದ್ದರೆ ಸಪ್ಪೆಬೀದಿ. ಕೊಬ್ಬರಿ ಎಣ್ಣೆ ವರ್ಷವಿಡೀ ಸೀಸೆಯಲ್ಲಿ ಕರಗದಿದ್ದರೆ ಗಟ್ಟಿಬೀದಿ. ಈ ನಾಲ್ಕೂ ಬಿಸಿ-ತಂಪಿನ ಲೆಕ್ಕ. ಒಣಬೀದಿಯ ಲೆಕ್ಕವೇ ಬೇರೆ. ಅಲ್ಲಿ ಎಷ್ಟು ಬಿಸಿಲು ಎಂದು ಯಾರೂ ಕೇಳುತ್ತಿರಲಿಲ್ಲ, ಗಾಳಿಗೆ ಎಷ್ಟು ಬಾಯಾರಿಕೆ ಎಂದು ಕೇಳುತ್ತಿದ್ದರು. ಬೆಳಗ್ಗೆ ಲಟ್ಟಿಸಿ ಹರವಿದ ಉದ್ದಿನ ಹಪ್ಪಳ ಮಧ್ಯಾಹ್ನದ ಊಟದ ಹೊತ್ತಿಗೆ ಬಾಗದೆ ‘ಟಪ್’ ಎಂದು ಮುರಿದರೆ ಮಾತ್ರ ಅದು ಒಣಬೀದಿ.

ಪ್ರತಿ ಬೇಸಿಗೆಯಲ್ಲಿ ಐದು ಬೀದಿಯ ಐವರು ಹಿರಿಯ ಹೆಂಗಸರು ತಮ್ಮ ತಮ್ಮ ಪಾತ್ರೆ ತಂದು ಐದುಕೂಡಿನ ಕಟ್ಟೆಯ ಮೇಲೆ ಎಲ್ಲರೆದುರು ತೋರಿಸುತ್ತಿದ್ದರು. ಒಂದು ವರ್ಷ ಹೆಚ್ಚುಕಡಿಮೆಯಾದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ತಲೆಮಾರಿಗೊಮ್ಮೆ ಹೆಸರಿನ ವರ್ಷ ಬರುತ್ತಿತ್ತು. ಆಗ ಹಿಂದಿನದೆಲ್ಲ ಕೂಡಿಸಿ ನೋಡಿ ಬೀದಿಯ ಹೆಸರು ಉಳಿಸುವುದೋ ಬದಲಿಸುವುದೋ ಎಂದು ಅವರೇ ತೀರ್ಮಾನಿಸುತ್ತಿದ್ದರು. ನಾನು ಊರಿನ ಪತ್ರಿಕೆಗೆ ಸೇರಿದ ಮೊದಲ ದಿನ ಸಂಪಾದಕ ದೇಸಾಯಿಯವರು ಹೇಳಿದ್ದು ನನಗಿನ್ನೂ ನೆನಪಿದೆ. “ಇವತ್ತ ಮಳಿ ಬಂತು ಅಂದ್ರ ಅದು ಸುದ್ದಿ. ಒಂದ ತಲಿಮಾರು ಮಳಿ ಬಂತು ಅಂದ್ರ ಅದು ಹೆಸರು. ಎರಡೂ ಒಂದ ಕಾಲಮಿನ್ಯಾಗ ಹಾಕಬ್ಯಾಡ.”

ಒಣಬೀದಿಯ ಹಪ್ಪಳ ಮುರಿಯುವ ಹಕ್ಕು ನಮ್ಮ ಅವ್ವನದಾಗಿತ್ತು. ಈಗಲೂ ಬೇಸಿಗೆಯ ಬೆಳಗಿನಲ್ಲಿ ಎಲ್ಲೋ ಯಾರೋ ಏನೋ ಕುಟ್ಟುವ ಸದ್ದು ಕೇಳಿದರೆ ನನಗೆ ಉದ್ದಿನ ಹಿಟ್ಟಿನ ವಾಸನೆ ಬರುತ್ತದೆ. ಎಣ್ಣೆ ಸವರಿದ ಒನಕೆಯಿಂದ ಹಿಟ್ಟು ಮೇಣದಂತಾಗುವ ತನಕ ಕುಟ್ಟಿ, ನಿಂಬೆಹಣ್ಣಿನಷ್ಟು ಉಂಡೆ ಮಾಡಿ, ಅವ್ವ ಮಣೆಯ ಮುಂದೆ ಕೂರುತ್ತಿದ್ದಳು. ಅಕ್ಕನೂ ನಾನೂ ಖಾರದ ಉಂಡೆ ಕದ್ದು ತಿಂದು ಬಾಯಿ ಉರಿಸಿಕೊಳ್ಳುತ್ತಿದ್ದೆವು. ಮಧ್ಯಾಹ್ನ ಕಟ್ಟೆಯ ಮೇಲೆ ಅವ್ವ ಹಪ್ಪಳ ಎತ್ತಿ ಹಿಡಿದಾಗ ಜನ ಗಪ್ಪಾಗುತ್ತಿದ್ದರು. ಅದು ಮುರಿದ ಸದ್ದಿಗೆ ಬೇವಿನ ಮರದ ಕಾಗೆಗಳು ಹಾರುತ್ತಿದ್ದವು. ಗಟ್ಟಿಬೀದಿಯ ಕೊನೆಯ ಮನೆಗೂ ಕೇಳಿತು ಎಂದು ನಮ್ಮವರು ಜಂಬ ಕೊಚ್ಚುತ್ತಿದ್ದರು. ಅಲ್ಲಿಯವರು ಕಿವಿಗೆ ಕಂಬಳಿ ಸುತ್ತಿಕೊಂಡೇ ಇರುತ್ತಿದ್ದುದರಿಂದ ಆ ಮಾತನ್ನು ಪರೀಕ್ಷಿಸುವ ದಾರಿ ಇರಲಿಲ್ಲ. ಅವ್ವ ಹೋದ ಮೇಲೆ ಹಕ್ಕು ಅಕ್ಕನಿಗೆ ಬಂತು.

ನಾನು ಹೇಳಹೊರಟದ್ದು ಅಕ್ಕನ ಪಾಲಿಗೆ ಬಂದ ಹೆಸರಿನ ವರ್ಷದ ಸಂಗತಿ. ಆಗ ನಾನು ಐದುಕೂಡಿನ ಹತ್ತಿರ ಪತ್ರಿಕೆಯ ಕಚೇರಿಯ ಹಿಂದಿನ ಮನೆಯಲ್ಲಿದ್ದೆ, ವಾರಕ್ಕೊಮ್ಮೆ ಅಕ್ಕನ ಮನೆಗೆ ಹೋಗಿ ಬರುತ್ತಿದ್ದೆ. ಮಾಮಾನಿಗೆ ದಮ್ಮು ಮತ್ತೆ ಹತ್ತಿಕೊಂಡಿತ್ತು. ಮೊದಮೊದಲು ಧೂಳೆಂದರು, ಆಮೇಲೆ ನೂಲಿನ ಜುಂಗು ಎಂದರು, ಮಷಿನ್ನನ್ನು ಹಿತ್ತಲಿಗೆ ಹಾಕಿದರು. ಆ ಬೇಸಿಗೆ ಬರುವ ಹೊತ್ತಿಗೆ ಅವನು ಗೋಡೆಗೆ ದಿಂಬು ಒಟ್ಟಿಕೊಂಡು ಕೂತೇ ಇರುತ್ತಿದ್ದ.

“ಪೇಪರಪ್ಪಾ... ಬಾ... ಏನ ಸುದ್ದಿ?” ಎಂದ, ನಾನು ಒಳಗೆ ಹೋಗುತ್ತಿದ್ದಂತೆ. ಮೊದಲಾಗಿದ್ದರೆ ಈ ಪ್ರಶ್ನೆಗೆ ಅವನೇ ನಾಲ್ಕು ಉತ್ತರ ಕೊಟ್ಟು ಮುಗಿಸುತ್ತಿದ್ದ. ಈಗ ಪ್ರಶ್ನೆಗೇ ಮೂರು ಕಡೆ ನಿಲ್ಲಬೇಕಾಗಿತ್ತು.

ಅಂದು ವೈದ್ಯರು ಮನೆಗೇ ಬಂದಿದ್ದರು. ಎದೆಗೆ ಕಿವಿಯಿಟ್ಟು ಕೇಳಿ, ಚೀಟಿಯ ಪುಸ್ತಕ ತೆಗೆದು, ಬರೆಯದೆ ಹಾಗೇ ಮಡಚಿದರು. “ನಾ ಏನ ಬರಕೊಡ್ಲಿ, ಫಕೀರಪ್ಪಾ? ನೀ ಔಷಧದಾಗನ ಮನಿ ಮಾಡ್ಕೊಂಡು ಕುಂತಿ. ಇದು ವಯಸ್ಸು.”

“ವಯಸ್ಸಿಗೆ... ಯಾವ ಬೀದಿ ಐತ್ರಿ... ಡಾಕ್ಟರ?” ಎಂದ ಮಾಮಾ.

ವೈದ್ಯರು ನಕ್ಕರು. ಹೊರಗೆ ಬಂದು, ಮಾಮಾನಿಗೆ ಕೇಳದ ಹಾಗೆ ಅಕ್ಕನಿಗೆ, ಹೀಗೇ ಹೋದರೆ ಮಳೆಗಾಲ ದಾಟುವುದು ಕಷ್ಟ ಎಂದರು. ಒಣಬೀದಿಗಿಂತ ಒಣಗಿದ ಜಾಗ ಎಲ್ಲಾದರೂ ಇದೆಯೇ ಎಂದು ಅಕ್ಕ ಕೇಳಿದಳು. ಬೀದಿಯ ಕೊನೆಯ ಗಡಿಕಲ್ಲಿನಾಚೆ ಅಂಥ ಒಣ ಕುರುಚಲು ದಿಬ್ಬವಿತ್ತು. ಅದು ಊರಿನ ಗೋಮಾಳ, ಅಲ್ಲಿ ಯಾರೂ ಮನೆ ಕಟ್ಟುವ ಹಾಗಿರಲಿಲ್ಲ. ಒಂದು ಬೀದಿ ತನ್ನ ಹೆಸರು ಕಳೆದುಕೊಂಡರೆ ಮಾತ್ರ ಅಲ್ಲಿಯವರು ಆ ಹೆಸರಿನ ಹವೆಯ ಬೆನ್ನು ಹತ್ತಿ ಗಡಿಕಲ್ಲು ದಾಟಬಹುದು ಎಂಬುದು ಹಳೆಯ ಕಟ್ಟಳೆ. “ಒಣಬೀದಿ ಒಣಬೀದಿ ಆಗಿರೂ ತನಕ ನನ್ನ ಕೈಯಾಗ ಏನೂ ಇಲ್ಲವ್ವಾ,” ಎಂದು ವೈದ್ಯರು ಗೂಟದ ಮೇಲಿನ ಕೊಡೆ ಹುಡುಕುತ್ತ ಹೋದರು.

ನಾನು ಮಾಳಿಗೆ ಹತ್ತಿದೆ. ಅಕ್ಕನ ಸೊಸೆ ಕಸ್ತೂರಿ ಹೆಸರಿನ ದಿನಕ್ಕೆ ಕೈ ಪಳಗಲೆಂದು ಲಟ್ಟಿಸಿದ ಹಪ್ಪಳಗಳನ್ನು ಪತ್ರಿಕೆಯ ಹಾಳೆಗಳ ಮೇಲೆ ಹರವುತ್ತಿದ್ದಳು. ನಿನ್ನೆಯ ಸಂಚಿಕೆ. ಮೇಲಿನ ತಲೆಬರಹ ನಾನೇ ಕೊಟ್ಟದ್ದು: ‘ಹೆಸರಿನ ವರ್ಷ: ಐದೂ ಬೀದಿಗಳಲ್ಲಿ ಸಿದ್ದತೆ’. ಕೊನೆಯ ಶಬ್ದದಲ್ಲಿ ಒಂದು ಅಕ್ಷರ ತಪ್ಪಿತ್ತು, ‘ಧ’ದ ಒತ್ತು ಇರಬೇಕಾದಲ್ಲಿ ‘ದ’ದ ಒತ್ತು ಬಿದ್ದಿತ್ತು. ಯಾರ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಹೊಳೆಯಿತು, ಆ ತಪ್ಪನ್ನು ನಾನು ಹಪ್ಪಳದೊಳಗಿಂದ ಓದಿದ್ದೆ.

ಅಕ್ಕ ಮೇಲೆ ಬಂದಳು. “ಅಕ್ಕಾ, ಇದರೊಳಗಿಂದ ಅಕ್ಷರ ಕಾಣಸ್ತಾವ,” ಎಂದೆ.

“ಕಾಣ್ಲಿ ಬಿಡೋ. ನಿನ್ನ ಪೇಪರ ಹಂಗರೆ ಯಾರರ ಓದ್ಯಾರು.”

“ಅವ್ವನ ಹಪ್ಪಳದಾಗ ಕಾಣತಿದ್ದಿಲ್ಲ. ಅವ್ವನ ಹಪ್ಪಳ ಬಳಿಯಷ್ಟು ದಪ್ಪ ಇರತಿದ್ದುವು. ಹಲ್ಲಿಗೆ ನೆನಪೈತಿ ನನಗ.”

“ಸಣ್ಣಾವ ಇದ್ದಿ, ನಿನಗ ಎಲ್ಲಾ ದಪ್ಪನ ಕಾಣತಿತ್ತು. ಅವ್ವ ಕಲಿಸಿದಂಗ ನಾ ಲಟ್ಟಸ್ತೀನಿ. ನಿಂಬಿಕಾಯಿಯಷ್ಟು ಉಂಡಿ. ಒಂದ ಉಂಡಿಗೆ ಒಂದ ಹಪ್ಪಳ.”

ಉಂಡೆ ನಿಜಕ್ಕೂ ನಿಂಬೆಯಷ್ಟೇ ಇತ್ತು. ಹಪ್ಪಳ ಮಾತ್ರ ಊಟದ ತಟ್ಟೆಯಷ್ಟು ಅಗಲ. ಕಸ್ತೂರಿ ತಲೆ ಎತ್ತದೆ ಕೇಳಿದಳು, “ಅತ್ತೀ, ಮೊದಲ ಅಳತಿಗೆ ಒಂದ ಹಿತ್ತಾಳಿ ಮುಚ್ಚಳ ಇತ್ತಂತಲ್ರಿ? ಅದನ್ನ ಒತ್ತಿ ನೋಡತಿದ್ರಂತ?”

“ಇತ್ತು. ಅದು ಸಣ್ಣದಾತು, ಬಿಟ್ಟೆ.”

“ಹಿತ್ತಾಳಿ ಎಲ್ಲೆರೆ ಸಣ್ಣದಾಗತೈತೇನ, ಅಕ್ಕಾ?” ಎಂದೆ ನಾನು.

ಅಕ್ಕನ ಮುಖ ಕೆಂಪಾಯಿತು. “ನಾ ಸುಳ್ಳ ಹಪ್ಪಳ ಮುರದೇನಿ ಅಂತೀ ಏನ? ಕಟ್ಟಿ ಮ್ಯಾಲ? ಅವ್ವನ ಜಾಗಾದಾಗ ಕುಂತು?” ಎಂದು ಲಟ್ಟಣಿಗೆ ಹಿಡಿದೇ ಕೆಳಗಿಳಿದು ಹೋದಳು. ಅವಳು ಸುಳ್ಳಳಲ್ಲ ಎಂದು ನನಗೆ ಗೊತ್ತಿತ್ತು. ಸಿಟ್ಟು ತಣ್ಣಗಾದ ಮೇಲೆ ಅವಳೇ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಹೇಳಿದಳು: ಮಗ ಈರಣ್ಣ ಹುಟ್ಟಿದ ವರ್ಷ ಬೇಸಿಗೆ ಒಂಥರಾ ಮಬ್ಬಾಗಿತ್ತು. ಹಪ್ಪಳ ಮಧ್ಯಾಹ್ನಕ್ಕೆ ಒಣಗಲಿಲ್ಲ. ತಾನು ಬಾಣಂತಿ, ಕೈಯಲ್ಲಿ ಕಸುವಿಲ್ಲ, ದಪ್ಪ ಲಟ್ಟಿಸುತ್ತಿದ್ದೇನೆ ಅಂದುಕೊಂಡು ಇನ್ನೊಂದು ಸುತ್ತು ಲಟ್ಟಿಸಿದಳು. ಆಗ ಮುಚ್ಚಳಕ್ಕಿಂತ ಅಗಲವಾಯಿತು. ಮುಚ್ಚಳ ಅಟ್ಟಕ್ಕೆ ಹೋಯಿತು. ಆಮೇಲೆ ಪ್ರತಿ ಬೇಸಿಗೆ ಒಣಗುವಷ್ಟು ತೆಳ್ಳಗೆ, ಮುರಿಯುವಷ್ಟು ತೆಳ್ಳಗೆ. ಹಪ್ಪಳ ಪ್ರತಿ ವರ್ಷ ಮುರಿಯಿತು. ಈರಣ್ಣನ ಮಗಳು ಈಗ ಶಾಲೆಗೆ ಹೋಗುತ್ತಿದ್ದಳು.

ಮುಂದಿನ ಕೆಲವು ದಿನ ನಾನು ಒಣಬೀದಿಯ ಮನೆಮನೆಗೆ ಹೋದೆ. ಹುಟ್ಟಿದ ಬೀದಿ, ವರದಿಗಾರನಾಗಿ ಅಲ್ಲಿಗೆ ಹೋದದ್ದು ಅದೇ ಮೊದಲು. ಪ್ರತಿ ಮನೆಯಲ್ಲೂ ಉಪ್ಪಿನ ಡಬ್ಬಿಯಲ್ಲಿ ನಾಲ್ಕು ಅಕ್ಕಿಕಾಳು ಹಾಕಿದ್ದರು, ಉಪ್ಪು ಒದ್ದೆಯಾಗದಿರಲಿ ಎಂದು. ಯಾವಾಗಿನಿಂದ ಎಂದರೆ “ಮೊದಲಿಂದಾನೂ” ಎನ್ನುತ್ತಿದ್ದರು. ಮೊದಲಿಂದ ಅಂದರೆ ಯಾವಾಗಿನಿಂದ ಎಂದರೆ ಅತ್ತೆ ಸೊಸೆಯ ಮುಖ ನೋಡುತ್ತಿದ್ದಳು. ಕಡ್ಡಿಪೆಟ್ಟಿಗೆ ಒಲೆಯ ಪಕ್ಕಕ್ಕೆ ಬಂದಿತ್ತು. ಉಪ್ಪಿನಕಾಯಿಯ ಭರಣಿಗೆ ಎಣ್ಣೆ ಹೆಚ್ಚು ಹೊಯ್ಯುತ್ತಿದ್ದರು. ನಮ್ಮ ಬಾಲ್ಯದಲ್ಲಿ ಇದೇ ಬೀದಿಯಲ್ಲಿ ಉಪ್ಪು ಬಾಯಿ ತೆರೆದ ಮಡಕೆಯಲ್ಲಿ ಮರಳಿನಂತೆ ಇರುತ್ತಿತ್ತು. ಸುಳ್ಳು ಯಾರೂ ಹೇಳಿರಲಿಲ್ಲ. ಗಾಳಿ ಒಂದು ಕೂದಲೆಳೆ ಬದಲಾದಾಗ ಎಲ್ಲರೂ ಒಂದು ಕೂದಲೆಳೆ ಹೊಂದಿಕೊಂಡಿದ್ದರು. ಹೊಂದಿಕೊಳ್ಳಲಾರದೆ ಕೂತಿದ್ದದ್ದು ಮಾಮಾನ ಎದೆಗೂಡು ಒಂದೇ.

ದೇಸಾಯಿಯವರಿಗೆ ಹೇಳಿದೆ. ಅವರು ಕನ್ನಡಕ ಹಣೆಗೇರಿಸಿ ಕೇಳಿದರು, “ಯಾಕ ಬದಲಾತು ಅಂತ ಬರೀತಿ?”

ಕಾರಣಗಳಿಗೆ ಊರಿನಲ್ಲಿ ಬರವಿರಲಿಲ್ಲ. ಸೂರ್ಯ ಒಮ್ಮೆ ಈ ಮಗ್ಗುಲು ಒಮ್ಮೆ ಆ ಮಗ್ಗುಲು ವಾಲುತ್ತಾನೆ, ಅವನು ಒಮ್ಮೆ ವಾಲಲು ನೂರಾರು ತಲೆಮಾರು ಬೇಕು ಎನ್ನುವವರಿದ್ದರು. ಅದು ಸುಳ್ಳಲ್ಲ, ಒಣಬೀದಿಯ ಹಳೆಯ ಬಾವಿ ತೋಡುವಾಗ ಕಪ್ಪೆಚಿಪ್ಪು ಸಿಕ್ಕಿದ್ದವು, ಗಟ್ಟಿಬೀದಿಯ ಕಲ್ಲುಗಣಿಯಲ್ಲಿ ಬಾಳೆ ಎಲೆಯ ಅಚ್ಚು ಸಿಕ್ಕಿತ್ತು. ಬೆಟ್ಟ ಹೊಗೆ ಕಾರಿದರೆ ಹವೆ ಕೆಡುತ್ತದೆ ಎನ್ನುವವರಿದ್ದರು. ಅದೂ ಸುಳ್ಳಲ್ಲ, ನಮ್ಮ ಅಜ್ಜನ ಕಾಲದಲ್ಲಿ ಬೆಟ್ಟ ಬೂದಿ ಉಗುಳಿದಾಗ ಹುಳಿಬೀದಿಯ ಹಿಟ್ಟೂ ಒಂದೆರಡು ವರ್ಷ ಏಳಲಿಲ್ಲವಂತೆ. ಆದರೆ ಬೂದಿ ಇಳಿದ ಮೇಲೆ ಎಲ್ಲ ಮೊದಲಿನಂತಾಯಿತು. ಸೂರ್ಯನಿಗೆ ಅವಸರವಿಲ್ಲ, ಬೆಟ್ಟಕ್ಕೆ ಹಟವಿಲ್ಲ. ಒಂದೇ ತಲೆಮಾರಿನಲ್ಲಿ, ಒಂದೇ ದಿಕ್ಕಿಗೆ, ಬಿಡದೆ ನಡೆದದ್ದಕ್ಕೆ ಬೇರೆ ಕಾರಣ ಬೇಕಿತ್ತು. ಈರಣ್ಣ ಹುಟ್ಟುವ ಸುಮಾರಿಗೆ ಊರ ಸುತ್ತ ಇಟ್ಟಂಗಿ ಭಟ್ಟಿಗಳು ಹುಟ್ಟಿದ್ದವು. ಐದೂ ಬೀದಿಯ ಮನೆಗಳು ಮಣ್ಣಿನಿಂದ ಇಟ್ಟಂಗಿಗೆ ಬಂದದ್ದು ಆಗಲೇ. ಹೊಗೆ ಕಂಬಳಿಯ ಹಾಗೆ ಮೇಲೆ ನಿಂತಿತ್ತು. ಕಂಬಳಿಯೊಳಗೆ ಕಾವು ಉಳಿಯಿತು. ಆ ಕಾವಿಗೆ ಹುಳಿಬೀದಿಯ ಕೆರೆಯಿಂದ ಮೊದಲಿಗಿಂತ ಹೆಚ್ಚು ಆವಿ ಎದ್ದಿತು. ಆವಿ ಬೀದಿಯ ಬಾಯಿಯಲ್ಲಿ ನಿಲ್ಲದೆ ಕಟ್ಟೆ ದಾಟಿ ಒಣಬೀದಿಗೆ ಹೊರಳಿತು.

“ನಿಮ್ಮ ಮನೀದೂ ಇಟ್ಟಂಗಿ, ನಮ್ಮ ಮನೀದೂ ಇಟ್ಟಂಗಿ,” ಎಂದರು ದೇಸಾಯಿಯವರು. “ಬೈಯೂದಾದ್ರ ಯಾರ್ನ ಬೈತಿ? ಬರಿ. ಆದರ ಹಪ್ಪಳ ಮುರಿಯೂದಕ್ಕಿಂತ ಮೊದಲ ಅಚ್ಚಾಗಬಾರದು. ಆ ಮಾತು ಹೇಳಬೇಕಾದಾಕಿ ನಿಮ್ಮಕ್ಕ, ನೀ ಅಲ್ಲ.”

ವಿಷಯ ಅಚ್ಚಾಗದಿದ್ದರೂ ಹರಡಿತು. ಒಣಬೀದಿಯ ಹಿರಿಯ ಗುರುಸಿದ್ದಪ್ಪ ಅಕ್ಕನ ಮನೆಗೆ ಬಂದ. ನಾನು ಅಲ್ಲೇ ಇದ್ದೆ. “ದಾನವ್ವಾ, ಹೆಸರ ಹೋದ್ರ ನಮಗೇನ ಉಳೀತು? ಒಣಬೀದಿಯವರು ಅಂದ್ರ ಮಾತಿಗೆ ಬಾಗೂದಿಲ್ಲ, ಮುರೀತಾರ ಅಂತಾರ ಊರಾಗ. ನಿಮ್ಮವ್ವ ಗಳಿಸಿದ್ದದು,” ಎಂದ. ಮಾತಿನ ನಡುವೆ ಅವನೂ ಕೆಮ್ಮಿದ, ಕೆಮ್ಮನ್ನು ಟವೆಲಿನಲ್ಲಿ ಮುಚ್ಚಿದ. “ಈ ಒಂದ ಸಲ ತೆಳ್ಳಗ ಲಟ್ಟಿಸಿ ಮುರದಬಿಡು. ಮುಂದಿನ ಹೆಸರಿನ ವರ್ಷಕ್ಕ ನಾನೂ ಇರಂಗಿಲ್ಲ, ನೀನೂ ಇರಂಗಿಲ್ಲ.”

“ನಮ್ಮನಿಯವರು ಈ ವರ್ಷಾನ ಇರಂಗಿಲ್ಲ, ಅಣ್ಣಾ,” ಎಂದಳು ಅಕ್ಕ.

ಗುರುಸಿದ್ದಪ್ಪ ಚಹಾ ಕುಡಿಯದೆ ಎದ್ದ. ಮೂಲೆಯಿಂದ ಮಾಮಾ ಕೈ ಎತ್ತಿದ. “ನನ್ನ ಸಲುವಾಗಿ... ಬ್ಯಾಡ. ಅತ್ತಿ ಹೆಸರು... ಅದು. ನನ್ನ ದಮ್ಮಿಗೆ... ಅದನ್ನ ತಗೀಬ್ಯಾಡ.” ಇಷ್ಟು ಹೇಳಲು ಅವನಿಗೆ ಹಿಡಿದ ಹೊತ್ತಿನಲ್ಲಿ ಅಕ್ಕ ಚಹಾದ ಬಟ್ಟಲು ತೊಳೆದು ಬಂದಿದ್ದಳು. “ನೀವ ಸುಮ್ಮನಿರ್ರಿ. ಮದ್ಲ ಮಾತ ಮುಗಸಾಕ ಕಲೀರಿ,” ಎಂದಳು. ಆಡುವ ಮಾತು ಹಳೆಯದೇ, ಆದರೆ ಅವಳ ದನಿ ಒಡೆದಿತ್ತು. ಏನು ಮಾಡುತ್ತಾಳೆಂದು ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಹೆಸರಿನ ದಿನ ಐದುಕೂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಳಿಬೀದಿಯ ತುಂಗವ್ವ ಪಾತ್ರೆಯ ಮುಚ್ಚಳ ತೆಗೆದಳು. ಹಿಟ್ಟು ನೊರೆಯುಕ್ಕಿ ಅವಳ ಸೆರಗಿಗೇ ಬಿತ್ತು, ಜನ ಸೀಟಿ ಹೊಡೆದರು. ಹದಬೀದಿಯದು ಹದವಾಗಿತ್ತು, ಸಪ್ಪೆಬೀದಿಯದು ಸಪ್ಪೆ. “ಅಲ್ಲಿಯ ಜನಾನೂ ಹಂಗ,” ಎಂದು ಯಾರೋ ಅಂದರು, ಪ್ರತಿ ವರ್ಷ ಅನ್ನುವಂತೆ. ಗಟ್ಟಿಬೀದಿಯ ಮುದುಕಿ ಸೀಸೆಯನ್ನು ತಲೆಕೆಳಗೆ ಹಿಡಿದಳು, ಎಣ್ಣೆ ಬೀಳಲಿಲ್ಲ. ಕೊನೆಗೆ ಅಕ್ಕ. ಬುಟ್ಟಿಯಿಂದ ಊಟದ ತಟ್ಟೆಯಷ್ಟು ಅಗಲದ ಹಪ್ಪಳ ತೆಗೆದು ಎತ್ತಿ ಹಿಡಿದಳು. ಬಿಸಿಲು ಅದರೊಳಗಿಂದ ಹಾದು ಅವಳ ಮುಖದ ಮೇಲೆ ಹಳದಿಯಾಗಿ ಬಿತ್ತು. ಟಪ್. ಗುರುಸಿದ್ದಪ್ಪ ಟವೆಲು ಗಾಳಿಗೆ ಬೀಸಿದ. ಒಣಬೀದಿಯ ಹುಡುಗರು ಕುಣಿಯತೊಡಗಿದರು.

“ನಿಲ್ರೋ,” ಎಂದಳು ಅಕ್ಕ. ಬುಟ್ಟಿಗೆ ಮತ್ತೆ ಕೈಹಾಕಿ ಇನ್ನೊಂದು ತೆಗೆದಳು. ಅಂಗೈಯಷ್ಟೇ ಅಗಲ, ಬಳೆಯಷ್ಟು ದಪ್ಪ. ಗುರುತು ಹಿಡಿಯಲು ನನಗೆ ಕ್ಷಣವೂ ಬೇಕಾಗಲಿಲ್ಲ. “ಇದು ನಮ್ಮವ್ವನ ಅಳತಿದು. ಎರಡೂ ಒಂದ ಹೊತ್ತಿಗೆ ಲಟ್ಟಿಸೇನಿ, ಒಂದ ಮಾಳಿಗಿ ಮ್ಯಾಲ ಒಣಗಿಸೇನಿ.” ಎರಡೂ ಕೈಯಿಂದ ಹಿಡಿದು ಮಡಚಿದಳು. ಅದು ಒದ್ದೆ ಚಪ್ಪಲಿಯ ಅಟ್ಟೆಯ ಹಾಗೆ ಬಾಗಿತು. ಇನ್ನೂ ಮಡಚಿದಳು. ಎರಡು ಅಂಚೂ ಸದ್ದಿಲ್ಲದೆ ಒಂದಕ್ಕೊಂದು ಕೂಡಿದವು.

“ಯಾವದು ಹಿಡೀಬೇಕ ನಾವು?” ಎಂದು ತುಂಗವ್ವ ಕೇಳಿದಳು.

“ಅವ್ವನ ಅಳತಿದು. ನಾ ಮುಚ್ಚಳ ಬಿಟ್ಟಾಗಿಂದ ಮುರದದ್ದೆಲ್ಲಾ ನನ್ನ ಕೈ, ಬೀದಿದಲ್ಲ. ಒಣಬೀದಿ ಒಣಗಿಲ್ಲ. ಒಂದ ತಲಿಮಾರಾತು.”

ಯಾರೋ ಹಿಂದಿನಿಂದ “ಗಂಡನ ಸಲುವಾಗಿ ಬೀದಿ ಮಾರಿದ್ಲು” ಎಂದು ಕೂಗಿದರು. ಅಕ್ಕ ಆ ಕಡೆ ನೋಡಿದಳು. ಉತ್ತರ ಬಂದದ್ದು ಗಟ್ಟಿಬೀದಿಯ ಮುದುಕಿಯಿಂದ. ಅವಳು ತನ್ನ ಸೀಸೆಯನ್ನೇ ನೋಡುತ್ತ, ತನ್ನಷ್ಟಕ್ಕೆ ಎಂಬಂತೆ, “ನಾ ಇದನ್ನ ರಾತ್ರಿಯೆಲ್ಲಾ ನೀರಿನ ಹರವಿ ಬುಡಕ ಇಡತೀನಿ. ಅದು ನಮ್ಮ ಪದ್ಧತಿ ಅಂತ ತಿಳಕೊಂಡಿದ್ದೆ. ನಮ್ಮತ್ತಿ ಇಡತಿದ್ದಿಲ್ಲ,” ಎಂದಳು. ಹದಬೀದಿಯವಳು ತಾನು ಹಿಟ್ಟಿಗೆ ಉಪ್ಪನ್ನು ಈಚೆಗೆ ಹೆಚ್ಚು ಹಾಕುತ್ತಿರುವುದಾಗಿಯೂ, ಇಲ್ಲದಿದ್ದರೆ ಬೆಳಗಾಗುವುದರೊಳಗೆ ಹುಳಿ ಬರುತ್ತದೆಂದೂ ಹೇಳಿದಳು. ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿ ಜನರ ಮುಖ ನೋಡಿದೆ. ಪ್ರತಿಯೊಬ್ಬರೂ ತಮ್ಮ ಅಡುಗೆಮನೆಯೊಳಗೆ ಹೋಗಿ ಏನನ್ನೋ ಹುಡುಕುತ್ತಿರುವಂತಿದ್ದರು.

ಐವರೂ ತಲೆ ಕೂಡಿಸಿ ಮಾತಾಡಿದರು. ಒಣಬೀದಿಯ ಬಾಯಿಯಲ್ಲಿದ್ದ ಹೆಸರಿನ ಹಲಗೆ ಇಳಿಸಿದರು. ಹೊಸ ಹೆಸರು ಏನೆಂದು ಅವರಲ್ಲಿ ಒಮ್ಮತ ಬರಲಿಲ್ಲ. ಹಪ್ಪಳ ಬಾಗುವ, ಆದರೆ ಹಿಟ್ಟು ಹದಕ್ಕೂ ಬಾರದ ಹವೆಗೆ ಅಡುಗೆಮನೆಯಲ್ಲಿ ಶಬ್ದವೇ ಇರಲಿಲ್ಲ. ಮರುದಿನದ ಪತ್ರಿಕೆಗೆ ಏನಾದರೂ ಬೇಕಲ್ಲ, ದೇಸಾಯಿಯವರು ‘ಹಿಂದಿನ ಒಣಬೀದಿ’ ಎಂದು ಹಾಕಿಸಿದರು. ಅಕ್ಕ ಆ ಹಾಳೆಯನ್ನು ಓದಿ, ಮಡಚಿ, ಅದನ್ನೇ ತಲೆದಿಂಬಿನ ಕೆಳಗಿಟ್ಟು ಅತ್ತಳು ಎಂದು ಕಸ್ತೂರಿ ಹೇಳಿದಳು. ಅದೇ ವಾರ ವೈದ್ಯರು ಚೀಟಿ ಬರೆದರು: ‘ಗಡಿಕಲ್ಲಿನಾಚೆ’. ಅಡಿಗೆರೆ ಎಳೆದರು.

ಮಾಮಾನನ್ನು, ಅವನು ಬಂದ ಹಾಗೆಯೇ, ಕೈಗಾಡಿಯಲ್ಲಿ ಕರೆದೊಯ್ದೆವು. ಈ ಸಲ ಮಷಿನ್ನಿನ ಜೊತೆ ಅವನನ್ನೂ ಹೇರಿದ್ದೆವು. ಬೀದಿಯವರು ಬಾಗಿಲ ಮುಂದೆ ನಿಂತು ನೋಡಿದರು, ಮಾತಾಡಿಸಲಿಲ್ಲ. ದಿಬ್ಬದ ಮೇಲೆ ಚಪ್ಪರ, ಆಮೇಲೆ ಮಣ್ಣಿನ ಗೋಡೆಯ ಮನೆ. ಇಟ್ಟಂಗಿ ಬೇಡವೆಂದವಳು ಅಕ್ಕ. ಮೊದಲ ಮಳೆ ಊರ ಮೇಲೆಲ್ಲ ಸುರಿದು ದಿಬ್ಬದ ಬುಡಕ್ಕೆ ಬಂದು ನಿಂತಿತು. ದಸರೆ ಕಳೆಯುವಷ್ಟರಲ್ಲಿ ದಮ್ಮಿನವರ ಇನ್ನೂ ಕೆಲವು ಸಂಸಾರಗಳು ಗಡಿಕಲ್ಲು ದಾಟಿದ್ದವು. ಗುರುಸಿದ್ದಪ್ಪ ಎಲ್ಲರಿಗಿಂತ ಕೊನೆಗೆ ಬಂದ, ನಮ್ಮ ಚಪ್ಪರದಿಂದ ಎಲ್ಲರಿಗಿಂತ ದೂರ ಗುಡಿಸಲು ಹಾಕಿದ. ಒಂದು ತಿಂಗಳ ಮೇಲೆ ಹರಿದ ಅಂಗಿ ಹಿಡಿದುಕೊಂಡು ಮಾಮಾನ ಮಷಿನ್ನಿನ ಮುಂದೆ ಬಂದು ಕೂತ.

ಆ ಊರು ಬಿಟ್ಟು ನಾನು ಬಹಳ ಕಾಲವಾಯಿತು. ಈಗಿರುವಲ್ಲಿ ಇಡೀ ಊರಿಗೆ ಒಂದೇ ಹವೆ. ಯಾರಿಗೂ ಗೂಟಗಳ ಅಗತ್ಯವಿಲ್ಲ, ಬೇರೆಯವರ ಕೊಡೆ ಹಿಡಿದುಕೊಂಡು ಹೋದರೆ ಕಳ್ಳ ಎನ್ನುತ್ತಾರೆ. ಆ ದಿಬ್ಬವನ್ನು ನೆನೆದಾಗೆಲ್ಲ ನನಗೆ ಬರುವುದು ಆ ವರ್ಷದ ಚಳಿಗಾಲದ ಒಂದು ಮಧ್ಯಾಹ್ನ. ಅಕ್ಕ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಹೊಸ ಜಾಗಕ್ಕೆ ಏನು ಹೆಸರಿಡುತ್ತೀ, ಪತ್ರಿಕೆಗೆ ಬೇಕು ಎಂದೆ.

“ಹೆಸರ ಬ್ಯಾಡೋ ತಮ್ಮಾ,” ಎಂದಳು. “ಇಟ್ರ ಅದಕ್ಕ ಕಾವಲ ಕುಂದ್ರಬೇಕಾಗತೈತಿ. ಕಾವಲ ಕುಂತಾರಿಗೆ ನಿದ್ದಿ ಹತ್ತೂದು ಗೊತ್ತಾಗಂಗಿಲ್ಲ.”

ಆಗ ದಿಬ್ಬದ ನೆತ್ತಿಯಿಂದ ಮಾಮಾನ ಕೂಗು ಬಂತು. ಆಡು ಮೇಯಿಸಲು ಹೋದವನು ಅಲ್ಲಿಂದಲೇ ಶುರುಮಾಡಿದ್ದ: “ಏ ದಾನೀ, ಊಟದ ಹೊತ್ತ ಮೀರಿ ಆಡಿನ ಹೊಟ್ಟಿ ಸಹಿತ ತುಂಬೇತಿ ನನ್ನ ಹೊಟ್ಟಿ ಮಾತ್ರ ಬೆನ್ನಿಗೆ ಹತ್ತೇತಿ ನಿನ್ನ ತಮ್ಮ ಬಂದಾನಂತ ಮಾತಿಗೆ ಕುಂತು ಗಂಡನ್ನ ಮರತಿ ಅಂದ್ರ ನಾಳಿಂದ ಆ ಪೇಪರಪ್ಪಗ ಹೇಳು ನಿನ್ನ ಗಂಡನ ಬುತ್ತಿ ಸುದ್ದೀನೂ ಅಚ್ಚ ಹಾಕು ಅಂತ!” ಎಲ್ಲಿಯೂ ನಿಲ್ಲಲಿಲ್ಲ. ಎದುರಿನ ಬಂಡೆಗೆ ಬಡಿದು ಕೊನೆಯ ಮಾತು ತಿರುಗಿ ಬಂತು.

ಅಕ್ಕ ಮೆಣಸಿನಕಾಯಿಯಿಂದ ಕೈ ಎತ್ತಲಿಲ್ಲ, ಓಗೊಡಲೂ ಇಲ್ಲ. ಬುತ್ತಿ ಕಟ್ಟಿ ಅವಳ ಪಕ್ಕದಲ್ಲೇ ಇತ್ತು.

“ಅಕ್ಕಾ, ಮಾಮಾ ಕರಿಯಾಕತ್ತಾನ,” ಎಂದೆ.

“ಕೇಳಸೇತಿ,” ಎಂದಳು ಅಕ್ಕ. “ಇನ್ನೊಂದ ಸಲ ಒದರ್ಲಿ.”